ಐದನೇ ಲೆವೆಲ್ಲಿನ ಚಿಲ್ಲರೆ ಲೆಕ್ಕ

ಪೋಕೆಮಾನ್ ಆಟದ ಟಿರ್ಟೂಗಾ ಎಂಬ ಆಮೆಮರಿಯ ಎಚ್‌ಪಿಗೆ (ಜೀವಾಂಕಕ್ಕೆ) ನಾಲ್ಕೇ ನಾಲ್ಕು ಇವಿ (ತರಬೇತಿಯ ಅಂಕ) ಹಾಕಿದರೆ 21 ಇದ್ದ ಎಚ್‌ಪಿ 22 ಆಗುತ್ತದೆ. ಒಂದು ಹೆಚ್ಚಾದರೆ ಒಳ್ಳೆಯದೇ ಅಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಪೋಕೆಮಾನ್ ಲಿಟಲ್ ಕಪ್ಪಿನಲ್ಲಿ ಆ ಒಂದು ಅಂಕ ಬಂದ ಕೂಡಲೇ ಟಿರ್ಟೂಗಾ ಕೆಲಸಕ್ಕೆ ಬಾರದ್ದಾಗುತ್ತದೆ. ದೊಡ್ಡ ಲೆವೆಲ್ಲಿನ ಆಟದಿಂದ ಬಂದವರು ಟೀಮ್ ಕಟ್ಟುವಾಗ ಅಟ್ಯಾಕ್, ಸ್ಪೀಡಿನಂಥ ಎರಡು ಸ್ಟ್ಯಾಟಿಗೆ (ಗುಣಾಂಕಕ್ಕೆ) 252, 252 ಇವಿ ತುಂಬಿ, ಉಳಿದ ಪುಡಿಗಾಸನ್ನು ಕೈ ತೊಳೆದ ಹಾಗೆ ಎಚ್‌ಪಿಗೆ ಸುರಿಯುತ್ತಾರೆ. 100ನೇ ಲೆವೆಲ್ಲಿನಲ್ಲಿ ಅದರಿಂದ ಯಾರಿಗೂ ನಷ್ಟವಿಲ್ಲ. 5ನೇ ಲೆವೆಲ್ಲಿನಲ್ಲಿ ಇಡೀ ಆಟ ನಿಂತಿರುವುದೇ ಆ ಪುಡಿಗಾಸಿನ ಮೇಲೆ.

ಲಿಟಲ್ ಕಪ್ ಎಂದರೆ ಮರಿಗಳ ಕಾಳಗ. ಆರು ಪೋಕೆಮಾನ್‌ಗಳ ಟೀಮ್, ಎದುರೆದುರು ಒಂದೊಂದೇ. ಎಲ್ಲವೂ 5ನೇ ಲೆವೆಲ್ಲಿನವು, ಎಲ್ಲವೂ ತಮ್ಮ ವಂಶದ ಮೊದಲ ಹಂತದವು, ಮುಂದೆ ವಿಕಾಸ ಹೊಂದಲು ಬರುವಂಥವು. ಹಾಗಾಗಿ ಪಿಕಾಚುಗೆ ಒಳಗೆ ಪ್ರವೇಶವಿಲ್ಲ. ಅದಕ್ಕಿಂತ ಚಿಕ್ಕದಾದ ಪಿಚು ಇರುವುದರಿಂದ ಪಿಕಾಚು ನಡುವಿನ ಹಂತದ್ದಾಯಿತು. ವಿಕಾಸವೇ ಇಲ್ಲದ ಲಾಪ್ರಸ್‌ನಂಥದ್ದಕ್ಕೂ ಇಲ್ಲ. ಹೊಸಬರ ಮೊದಲ ಟೀಮ್ ತಿರಸ್ಕೃತವಾಗುವುದು ಹೆಚ್ಚಾಗಿ ಇವೆರಡರಲ್ಲಿ ಒಂದು ಕಾರಣಕ್ಕೆ.

ಈ ಬಗೆ ಮೊದಲು ಕಾಣಿಸಿಕೊಂಡದ್ದು ನಿಂಟೆಂಡೊ 64ರ ಪೋಕೆಮಾನ್ ಸ್ಟೇಡಿಯಂ 2ರಲ್ಲಿ, ಜಪಾನಿನಲ್ಲಿ 2000ದ ಕೊನೆಗೆ, ಅಮೆರಿಕದಲ್ಲಿ 2001ರಲ್ಲಿ. ಆ ಕಾಲದ ಆಟಗಳಲ್ಲಿ ಮೊಟ್ಟೆಯೊಡೆದು ಬಂದ ಮರಿ 5ನೇ ಲೆವೆಲ್ಲಿನಲ್ಲೇ ಹುಟ್ಟುತ್ತಿತ್ತು. 2006ರ ಡೈಮಂಡ್–ಪರ್ಲ್‌ನಿಂದ ಈಚೆಗೆ ಮರಿಗಳು 1ನೇ ಲೆವೆಲ್ಲಿಗೆ ಇಳಿದವು, ಕಪ್ ಮಾತ್ರ 5ರಲ್ಲೇ ಉಳಿಯಿತು. ಅಧಿಕೃತ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ನಡೆಯುವುದು 50ನೇ ಲೆವೆಲ್ಲಿನ ಜೋಡಿ ಕಾಳಗ. ಬ್ರೌಸರಿನಲ್ಲಿ ಆಡುವವರ ಕಣ್ಣೆಲ್ಲ ಓಯು ಎಂಬ ದೊಡ್ಡ ಪೋಕೆಮಾನ್‌ಗಳ ಬಗೆಯ ಮೇಲೆ. ನಡುವೆ ಇದನ್ನು ಬದುಕಿಸಿಕೊಂಡು ಬಂದದ್ದು ಸ್ಮೋಗನ್ ಎಂಬ ಅಭಿಮಾನಿಗಳ ಬಳಗ ಮತ್ತು ಪೋಕೆಮಾನ್ ಶೋಡೌನ್ ಎಂಬ ಉಚಿತ ಸಿಮ್ಯುಲೇಟರ್. ಕನ್ಸೋಲ್ ಬೇಕಿಲ್ಲ, ಮೊಬೈಲಿನ ಬ್ರೌಸರ್ ಇದ್ದರೆ ಸಾಕು. ಲ್ಯಾಡರಿನಲ್ಲಿ (ಶ್ರೇಯಾಂಕದ ಪಂದ್ಯಗಳಲ್ಲಿ) ಎದುರಾಳಿ ಸಿಗಲು ಸ್ವಲ್ಪ ಕಾಯಬೇಕಾಗಬಹುದು. ಜನ ಕಡಿಮೆ ಇರುವಲ್ಲಿ ಆಡುವವರು ಗಟ್ಟಿಗರೇ ಇರುತ್ತಾರೆ, ಮೊದಲ ಹತ್ತು ಪಂದ್ಯ ಸೋಲುವುದಕ್ಕೆ ತಯಾರಿರಿ.

ನಿಷೇಧದ ಪಟ್ಟಿ ನೋಡಿದರೆ ಸ್ವಲ್ಪ ನಗು ಬರುತ್ತದೆ. ಸೈಥರ್ ಮೊದಲ ತಲೆಮಾರಿನ ಆಟದಲ್ಲಿ ಪೂರ್ತಿ ಬೆಳೆದ ಪೋಕೆಮಾನ್ ಆಗಿತ್ತು. ಎರಡನೇ ತಲೆಮಾರಿನಲ್ಲಿ ಸೈಜರ್ ಬಂದದ್ದೇ ಸೈಥರ್ ಕಾಗದದ ಮೇಲೆ ‘ಮರಿ’ಯಾಯಿತು, ಮೈಯಲ್ಲಿ ಬೇಸ್ ಸ್ಟ್ಯಾಟಿನ ಮೊತ್ತ 500 ಇಟ್ಟುಕೊಂಡು. ಇಲ್ಲಿನ ಸಾಮಾನ್ಯ ಮರಿಗಳ ಮೊತ್ತ 300ರ ಆಚೀಚೆ. ಸ್ನೀಸೆಲ್, ಗ್ಲೈಗರ್, ಮರ್ಕ್ರೋ, ಮಿಸ್‌ಡ್ರೀವಸ್, ಟ್ಯಾಂಜೆಲಾ, ಯಾನ್ಮಾಗಳ ಕತೆಯೂ ಅದೇ: ನಾಲ್ಕನೇ ತಲೆಮಾರಿನಲ್ಲಿ ತಡವಾಗಿ ವಿಕಾಸ ದಕ್ಕಿ ಮರಿಗಳ ಸಾಲಿಗೆ ಬಂದ ಗಡ್ಡಧಾರಿಗಳು. ಇವನ್ನು ಹೊರಗಿಡುತ್ತಾರೆ. ಡ್ರ್ಯಾಗನ್ ರೇಜ್, ಸಾನಿಕ್ ಬೂಮ್ ಎಂಬ ಮೂವ್‌ಗಳಿಗೂ (ಹೊಡೆತಗಳಿಗೂ) ಅವು ಇದ್ದ ಹಳೆಯ ಆಟಗಳಲ್ಲಿ ಪ್ರವೇಶವಿಲ್ಲ. ಅವು ತಾಗಿದರೆ ಕ್ರಮವಾಗಿ 40 ಮತ್ತು 20 ಎಚ್‌ಪಿ ಸೀದಾ ಕೀಳುತ್ತವೆ, ಇಲ್ಲಿ ಯಾರ ಬಳಿಯೂ 40 ಇರುವುದಿಲ್ಲ, 20 ಹೋದರೆ ಹೆಚ್ಚಿನ ಮರಿಗಳಿಗೆ ಉಳಿಯುವುದು ಚೂರೇ. ಉಳಿದ ನಿಷೇಧಗಳು ಕಾಲಕಾಲಕ್ಕೆ ಬದಲಾಗುತ್ತವೆ, ಆಡುವ ದಿನ ಸಿಮ್ಯುಲೇಟರಿನಲ್ಲಿರುವ ಪಟ್ಟಿಯೇ ಪ್ರಮಾಣ.

ಇಪ್ಪತ್ತರ ಮೆಟ್ಟಿಲು

ಈಗ ಲೆಕ್ಕಕ್ಕೆ ಬರೋಣ. ಇದನ್ನು ಹಾರಿಸಿಬಿಟ್ಟರೆ ಮುಂದಿನದು ಯಾವುದೂ ಹಿಡಿತಕ್ಕೆ ಸಿಗುವುದಿಲ್ಲ.

ಪ್ರತಿ ಸ್ಟ್ಯಾಟಿಗೆ ಮೂರು ಮೂಲ. ಜಾತಿಯಿಂದ ಬರುವ ಬೇಸ್, ಹುಟ್ಟಿನಿಂದ ಬರುವ ಐವಿ, ತರಬೇತಿಯಿಂದ ಬರುವ ಇವಿ. ಐವಿ ಹೆಚ್ಚೆಂದರೆ 31. ಇವಿ ಒಂದು ಸ್ಟ್ಯಾಟಿಗೆ 252, ಒಟ್ಟಾರೆ 510, ಮತ್ತು ನಾಲ್ಕು ಇವಿ ಸೇರಿದರೆ ಒಂದು ಅಂಕ. ಬೇಸಿನ ಎರಡರಷ್ಟಕ್ಕೆ ಐವಿ ಸೇರಿಸಿ, ಇವಿಯ ಕಾಲುಭಾಗ ಸೇರಿಸಿ, 5ನೇ ಲೆವೆಲ್ಲಿಗೆ ಆ ಮೊತ್ತವನ್ನು 20ರಿಂದ ಭಾಗಿಸಿ, ಶೇಷ ಬಿಸಾಡಿ, 5 ಕೂಡಿಸಿ. ಎಚ್‌ಪಿಯಾದರೆ 5ರ ಬದಲು 15. ಅಷ್ಟೇ.

ಮಜಾ ಇರುವುದು ‘ಶೇಷ ಬಿಸಾಡಿ’ ಎಂಬಲ್ಲಿ. 20 ತುಂಬುವವರೆಗೆ ಎಷ್ಟು ಸೇರಿಸಿದರೂ ಏನೂ ಆಗುವುದಿಲ್ಲ, ತುಂಬಿದ ಕ್ಷಣ ಒಂದು ಮೆಟ್ಟಿಲು ಏರುತ್ತದೆ. ಒಂದು ಮೆಟ್ಟಿಲೆಂದರೆ 80 ಇವಿ. ಆದರೆ ಮೊದಲ ಮೆಟ್ಟಿಲಿನ ದೂರ ಬೇಸಿನ ಕೊನೆಯ ಅಂಕಿಯನ್ನು ನೋಡಿಕೊಂಡು ಬದಲಾಗುತ್ತದೆ. ಐವಿ 31 ಇದೆಯೆಂದುಕೊಂಡರೆ, ಬೇಸ್ 5ರಲ್ಲಿ ಮುಗಿದರೆ ಮೆಟ್ಟಿಲುಗಳು 76, 156, 236. ಬೇಸ್ 0ಯಲ್ಲಿ ಮುಗಿದರೆ 36, 116, 196. ಲಿಟಲ್ ಕಪ್ಪಿನ ಟೀಮುಗಳಲ್ಲಿ ಕಾಣುವ ವಿಚಿತ್ರ ಸಂಖ್ಯೆಗಳೆಲ್ಲ ಹುಟ್ಟುವುದು ಇಲ್ಲಿಂದ. ಇವೆರಡನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದರೆ ಅರ್ಧ ಕೆಲಸ ಮುಗಿಯಿತು. ಬೇಸ್ ಬೇರೆ ಅಂಕಿಯಲ್ಲಿ ಮುಗಿದರೆ ಕೈಲೆಕ್ಕ: ಟಿರ್ಟೂಗಾದ ಎಚ್‌ಪಿ ಬೇಸ್ 54, ಅದರ ಎರಡರಷ್ಟು 108, ಐವಿ ಸೇರಿ 139. ಇನ್ನೊಂದೇ ಒಂದು ಅಂಕ ಬಿದ್ದರೆ 140, ಅಂದರೆ ಮುಂದಿನ ಮೆಟ್ಟಿಲು. ನಾಲ್ಕು ಇವಿಗೆ ಎಚ್‌ಪಿ ಏರುವುದು ಅದಕ್ಕೇ.

ಈ ಬಗೆಯಲ್ಲಿ ವರ್ಷಗಟ್ಟಲೆ ಮುಂಚೂಣಿಯಲ್ಲಿರುವ ಮೀನ್‌ಫೂವನ್ನು ತೆಗೆದುಕೊಳ್ಳಿ. ಹೆಸರು ಕೇಳಿ ಮೀನೆಂದುಕೊಳ್ಳಬೇಡಿ, ಮುಂಗುಸಿಯಂಥ ಮೈಯ ಕುಂಗ್‌ಫೂ ಪಟು. ಅಟ್ಯಾಕ್ ಬೇಸ್ 85, ಸ್ಪೀಡ್ 65, ಡಿಫೆನ್ಸ್ 50. ಅಟ್ಯಾಕಿಗೆ 236, ಸ್ಪೀಡಿಗೆ 236, ಡಿಫೆನ್ಸಿಗೆ 36. ಒಟ್ಟು 508, ಹೊಲಿಸಿದ ಅಂಗಿಯ ಹಾಗೆ ಕೂರುತ್ತದೆ. ನೇಚರ್ ಎಂದರೆ ಒಂದು ಸ್ಟ್ಯಾಟನ್ನು ಹತ್ತು ಪರ್ಸೆಂಟ್ ಏರಿಸಿ ಇನ್ನೊಂದನ್ನು ಅಷ್ಟೇ ಇಳಿಸುವ ಸ್ವಭಾವ; ಸ್ಪೀಡ್ ಏರಿಸುವ ಜಾಲಿ ನೇಚರಿನಲ್ಲಿ ಎಚ್‌ಪಿ 21, ಅಟ್ಯಾಕ್ 18, ಡಿಫೆನ್ಸ್ 12, ಸ್ಪೀಡ್ 17.

ಹಳೇ ಅಭ್ಯಾಸದಂತೆ 252, 252 ತುಂಬಿದರೆ ಅಟ್ಯಾಕ್ ಅದೇ 18, ಸ್ಪೀಡ್ ಅದೇ 17. ತಲಾ 16 ಇವಿ ನೀರುಪಾಲು. ಕೈಯಲ್ಲಿ ಉಳಿಯುವುದು ಆರು, ಡಿಫೆನ್ಸಿಗೆ ಬೇಕಾದದ್ದು 36. ಡಿಫೆನ್ಸ್ 11ಕ್ಕೇ ನಿಂತಿತು. ಇದಕ್ಕೆ ಉಲ್ಟಾ ತಪ್ಪೂ ಇದೆ: ಕೈತಪ್ಪಿ ಸ್ಪೀಡಿಗೆ 236ರ ಬದಲು 232 ಬರೆದರೆ ಮೊತ್ತ 220ರ ಬದಲು 219 ಆಗಿ ಸ್ಪೀಡ್ 16ಕ್ಕೆ ಬೀಳುತ್ತದೆ. ಆಗ ಬೇಸ್ 60ರ ವಲ್ಲಬಿ, ಪಾನಿಯಾರ್ಡ್‌ಗಳಿಗಿಂತ ಖಂಡಿತವಾಗಿ ಮೊದಲು ಹೊಡೆಯಬೇಕಿದ್ದ ಮೀನ್‌ಫೂ ಅವುಗಳ ಜೊತೆ ನಾಣ್ಯ ಚಿಮ್ಮಬೇಕಾಗುತ್ತದೆ. ಸ್ಪೀಡ್ ಐವಿ 31ರ ಬದಲು 30 ಇದ್ದರೂ ಇದೇ ಗತಿ.

ನೇಚರಿನ ಹತ್ತು ಪರ್ಸೆಂಟೂ ಇಲ್ಲಿ ಹತ್ತು ಪರ್ಸೆಂಟಾಗಿ ನಡೆದುಕೊಳ್ಳುವುದಿಲ್ಲ. 9ಕ್ಕೆ ಹತ್ತಂಶ ಸೇರಿಸಿದರೆ 9.9, ಶೇಷ ಹಾರಿ ಮತ್ತೆ 9. ನೇಚರ್ ಪೂರ್ತಿ ದಂಡ. 10ರಿಂದ 19ರವರೆಗೆ ಸರಿಯಾಗಿ ಒಂದು ಅಂಕ. 20 ಮುಟ್ಟಿದರೆ ಒಮ್ಮೆಲೇ 22. ಕಳೆಯುವಾಗಲೂ ಹೀಗೆ: 10 ಇದ್ದದ್ದು 9 ಆದರೆ, 11 ಇದ್ದದ್ದೂ 9. ಕಡಿಮೆ ಮಾಡುವ ಸ್ಟ್ಯಾಟ್ 11ರಲ್ಲಿದ್ದರೆ ಎರಡು ಅಂಕ ಹೋಯಿತು, 10ರಲ್ಲಿದ್ದರೆ ಒಂದೇ.

ಸ್ಪೀಡಿನ ಗುಂಪುಗಳು

ದೊಡ್ಡ ಲೆವೆಲ್ಲಿನಲ್ಲಿ ಬೇಸ್ 100 ಇರುವುದು ಬೇಸ್ 95 ಇರುವುದಕ್ಕಿಂತ ಯಾವಾಗಲೂ ಮುಂದು. ಇಲ್ಲಿ ಎರಡೂ ಒಂದೇ ಬೆಂಚಿನಲ್ಲಿ ಕೂರುತ್ತವೆ. ಬೇಸ್ 95ರ ಡಿಗ್ಲೆಟ್, ಎಲೆಕಿಡ್ ಮತ್ತು ಬೇಸ್ 100ರ ವೋಲ್ಟಾರ್ಬ್, ಮೂರರ ಗರಿಷ್ಠ ಸ್ಪೀಡೂ 20. ಬೇಸ್ 85ರ ಸ್ಟಾರ್ಯು, 90ರ ಏಬ್ರಾ, ಪೊನಿಟಾ 19. ಅದರ ಕೆಳಗೆ 75 ಮತ್ತು 80 ಸೇರಿ 18, ಗ್ಯಾಸ್ಟ್ಲಿ ಅಲ್ಲಿದೆ. 65 ಮತ್ತು 70 ಸೇರಿ 17. 55, 60 ಸೇರಿ 16. ಹೀಗೆ ಜೋಡಿ ಜೋಡಿಯಾಗಿ ಇಳಿಯುತ್ತವೆ.

ಹಾಗಾದರೆ ಹೆಚ್ಚಿನ ಬೇಸಿಗೆ ಬೆಲೆಯೇ ಇಲ್ಲವೇ? ಇದೆ, ಬೇರೆ ರೂಪದಲ್ಲಿ. ಅದೇ 20 ಮುಟ್ಟಲು ಡಿಗ್ಲೆಟ್‌ಗೆ 236 ಇವಿ ಬೇಕು, ವೋಲ್ಟಾರ್ಬ್‌ಗೆ 196 ಸಾಕು. ಉಳಿದ 40ರಲ್ಲಿ ಬೇಸ್ 0ಯಲ್ಲಿ ಮುಗಿಯುವ ಯಾವುದಾದರೂ ಸ್ಟ್ಯಾಟನ್ನು ಒಂದು ಮೆಟ್ಟಿಲು ಏರಿಸಬಹುದು. ಓಟದಲ್ಲಿ ಸಮ, ಕೊನೆಗೆ ಜೇಬಿನಲ್ಲಿ ಸ್ವಲ್ಪ ಹೆಚ್ಚು.

ಇಷ್ಟು ಕಡಿಮೆ ಗುಂಪುಗಳಲ್ಲಿ ಇಷ್ಟೊಂದು ಮರಿಗಳು ತುಂಬಿಕೊಂಡಿರುವುದರಿಂದ ಸ್ಪೀಡ್ ಟೈ ದಿನನಿತ್ಯದ ಮಾತು. ಮೀನ್‌ಫೂ ಎದುರಿಗೆ ಮೀನ್‌ಫೂ ಬಂದರೆ ಯಾರು ಮೊದಲೆಂಬುದು ಅರ್ಧಕ್ಕರ್ಧ. ಟೈಯ ಮೇಲೆ ಪಂದ್ಯ ಇಡುವುದು ಜೂಜು. ಅನುಭವಿಗಳು ಅದಕ್ಕೆ ಎರಡು ಟರ್ನ್ ಮೊದಲೇ ಬೇರೆ ಪೋಕೆಮಾನ್ ಇಳಿಸಿ ಜಾಗ ಖಾಲಿ ಮಾಡುತ್ತಾರೆ. ಇಲ್ಲವೇ ಚಾಯ್ಸ್ ಸ್ಕಾರ್ಫ್ ಎಂಬ ಐಟಂ (ಪೋಕೆಮಾನ್ ಹಿಡಿಯುವ ಒಂದೇ ಒಂದು ವಸ್ತು) ಕಟ್ಟುತ್ತಾರೆ. ಸ್ಕಾರ್ಫ್ ಸ್ಪೀಡನ್ನು ಒಂದೂವರೆಯಷ್ಟು ಮಾಡುತ್ತದೆ. 14 ಇದ್ದದ್ದು 21 ಆಯಿತೆಂದರೆ 20ರ ಗುಂಪನ್ನೆಲ್ಲ ದಾಟಿದಂತೆ. ಸ್ಪೀಡ್ ಏರಿಸುವ ನೇಚರ್ ಇದ್ದರೆ ಬೇಸ್ 35ಕ್ಕೇ 236 ಇವಿಯಲ್ಲಿ 14 ಸಿಗುತ್ತದೆ. ಸ್ಕಾರ್ಫ್ ಕಟ್ಟಿದವರು ಒಂದೇ ಮೂವಿಗೆ ಅಂಟಿಕೊಳ್ಳಬೇಕು, ಅದು ಎಲ್ಲರಿಗೂ ಗೊತ್ತು. ಇಲ್ಲಿ ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ: ಸ್ಕಾರ್ಫ್ ಇದ್ದ ಕೈಯಲ್ಲಿ ಈವಿಯೊಲೈಟ್ ಇರುವುದಿಲ್ಲ.

ಈವಿಯೊಲೈಟ್, ನಾಕ್ ಆಫ್, ಮತ್ತು ಎರಡು ಎಚ್‌ಪಿಯ ಕತೆ

ಈವಿಯೊಲೈಟ್ ಬಂದದ್ದು 2010ರ ಬ್ಲ್ಯಾಕ್–ವೈಟ್ ಆಟಗಳಲ್ಲಿ. ಇನ್ನೂ ವಿಕಾಸ ಬಾಕಿಯಿರುವ ಪೋಕೆಮಾನ್ ಹಿಡಿದರೆ ಅದರ ಡಿಫೆನ್ಸ್, ಸ್ಪೆಷಲ್ ಡಿಫೆನ್ಸ್ ಎರಡೂ ಒಂದೂವರೆಯಷ್ಟಾಗುತ್ತವೆ. ಬೇರೆ ಬಗೆಗಳಲ್ಲಿ ಅಲ್ಲೊಂದು ಇಲ್ಲೊಂದು ಪೋಕೆಮಾನ್ ಹಿಡಿಯುವ ಐಟಂ, ಇಲ್ಲಿ ಎಲ್ಲರಿಗೂ ಹೊಂದುತ್ತದೆ. ಅದಕ್ಕೆ ಮದ್ದು ನಾಕ್ ಆಫ್. ಆರನೇ ತಲೆಮಾರಿನಿಂದ ಅದರ ಬಲ 65, ಎದುರಿನವರ ಕೈಯಲ್ಲಿ ಕಿತ್ತುಕೊಳ್ಳಬಹುದಾದ ಐಟಂ ಇದ್ದರೆ ಒಂದೂವರೆಯಷ್ಟು, ಹೊಡೆದ ಮೇಲೆ ಐಟಂ ಮಾಯ. ಈ ಎರಡರ ಜಗ್ಗಾಟವೇ ಲಿಟಲ್ ಕಪ್ಪಿನ ಬೆನ್ನೆಲುಬು ಎಂದರೆ ತಪ್ಪಿಲ್ಲ.

ಒಂದು ಕಾಳಗವನ್ನು ಹತ್ತಿರದಿಂದ ನೋಡೋಣ. ಮೇಲಿನ ಮೀನ್‌ಫೂ, ಎದುರಿಗೆ ಈವಿಯೊಲೈಟ್ ಹಿಡಿದ ಫೂಂಗಸ್ ಎಂಬ ಅಣಬೆ. ಫೂಂಗಸ್‌ಗೆ ಎಚ್‌ಪಿಯಲ್ಲೂ ಡಿಫೆನ್ಸಿನಲ್ಲೂ ಇವಿ ಸೊನ್ನೆ ಎಂದಿಟ್ಟುಕೊಳ್ಳಿ. ಎಚ್‌ಪಿ 23, ಡಿಫೆನ್ಸ್ 11, ಈವಿಯೊಲೈಟ್ ಸೇರಿ 16.

5ನೇ ಲೆವೆಲ್ಲಿನಲ್ಲಿ ಡ್ಯಾಮೇಜ್ ತೆಗೆಯುವುದು ಹೀಗೆ: ಮೂವಿನ ಬಲವನ್ನು ನಾಲ್ಕರಿಂದ ಗುಣಿಸಿ, ಅಟ್ಯಾಕಿನಿಂದ ಗುಣಿಸಿ, ಡಿಫೆನ್ಸಿನಿಂದ ಭಾಗಿಸಿ, 50ರಿಂದ ಭಾಗಿಸಿ, 2 ಕೂಡಿಸಿ, ಪ್ರತಿ ಹೆಜ್ಜೆಗೂ ಶೇಷ ಬಿಸಾಡಿ. ನಾಕ್ ಆಫ್‌ನ ಬಲ ಐಟಂ ಇರುವಾಗ 97. ನಾಲ್ಕು ಗುಣಿಸು 97 ಗುಣಿಸು 18, ಭಾಗಿಸು 16, ಅಂದರೆ 436. ಐವತ್ತರಿಂದ ಭಾಗಿಸಿದರೆ 8, ಎರಡು ಸೇರಿ 10. ಇದು ಗರಿಷ್ಠ. ಆಮೇಲೆ ಆಟ 85ರಿಂದ 100 ಪರ್ಸೆಂಟಿನೊಳಗೆ 16 ಬೆಲೆಗಳಲ್ಲಿ ಒಂದನ್ನು ಆರಿಸುತ್ತದೆ. 10ರ ಮೇಲೆ ಆ 16 ಬೆಲೆಗಳು ಮೂರಕ್ಕೆ ಕುಗ್ಗುತ್ತವೆ: ಐದು ಸಲ 8, ಹತ್ತು ಸಲ 9, ಒಂದೇ ಸಲ 10. ಅಂದರೆ ಇಲ್ಲಿ ‘ಸುಮಾರು ಇಷ್ಟು’ ಎಂಬುದಿಲ್ಲ, ನಾಕ್ ಆಫ್ ಎಂದರೆ 9 ಎಂದೇ ಬರೆದಿಟ್ಟುಕೊಳ್ಳಬಹುದು.

ಎರಡನೇ ಸಲ ಹೊಡೆಯುವಾಗ ಐಟಂ ಇಲ್ಲ, ಹಾಗಾಗಿ ಬಲ 65ಕ್ಕೆ ಇಳಿಯಿತು. ಆದರೆ ಈವಿಯೊಲೈಟ್ ಹೋದ ಡಿಫೆನ್ಸೂ 11ಕ್ಕೆ ಇಳಿದಿದೆ. ಲೆಕ್ಕ ಹಾಕಿದರೆ ಮತ್ತೆ ಗರಿಷ್ಠ ಅದೇ 10. ನಾಕ್ ಆಫ್ ಯಾಕಿಷ್ಟು ಹೆದರಿಸುತ್ತದೆ ಎಂಬುದಕ್ಕೆ ಇಷ್ಟು ಸಾಕು: ಮೊದಲ ಪೆಟ್ಟು ಐಟಂ ಇದೆಯೆಂದು ಬಲವಾಗಿ ಬೀಳುತ್ತದೆ, ಎರಡನೆಯದು ಐಟಂ ಇಲ್ಲವೆಂದು.

ಇದಕ್ಕೂ ಮೊದಲು ಮೀನ್‌ಫೂ ಒಳಬಂದ ಟರ್ನಿನಲ್ಲೇ ಫೇಕ್ ಔಟ್ ಹೊಡೆದಿದೆ ಎನ್ನಿ. ಬಲ 40, ಗರಿಷ್ಠ ಡ್ಯಾಮೇಜ್ 5, ಹದಿನಾರರಲ್ಲಿ ಹದಿನೈದು ಸಲ 4. ಆ ಐದರಲ್ಲಿ ಎರಡು ಸೂತ್ರದ ಕೊನೆಗೆ ಸುಮ್ಮನೆ ಕೂಡಿಸುವ ಎರಡು. 100ನೇ ಲೆವೆಲ್ಲಿನ ನೂರಾರು ಅಂಕಗಳ ನಡುವೆ ಆ ಎರಡನ್ನು ಯಾರೂ ಎಣಿಸುವುದಿಲ್ಲ. ಇಲ್ಲಿ ಅದು ಪೆಟ್ಟಿನ ಐದನೆಯ ಎರಡು ಭಾಗ. ದುರ್ಬಲ ಮೂವ್‌ಗಳು, ಅದರಲ್ಲೂ ಮೊದಲು ಬೀಳುವ ಪ್ರಯಾರಿಟಿ ಮೂವ್‌ಗಳು, ಮರಿಗಳ ಲೋಕದಲ್ಲಿ ಭಾರವಾಗಿ ಬೀಳುವುದು ಈ ಕಾರಣಕ್ಕೆ.

ಈಗ ಮೂರು ಪೆಟ್ಟು ಕೂಡಿಸಿ. ನಾಲ್ಕು, ಒಂಬತ್ತು, ಒಂಬತ್ತು: 22. ಫೂಂಗಸ್‌ನ ಎಚ್‌ಪಿ 23. ಒಂದರಲ್ಲಿ ಬದುಕಿತು. ಎಲ್ಲ ಬೆಲೆಗಳನ್ನೂ ಹಿಡಿದು ನೋಡಿದರೆ, ಕ್ರಿಟಿಕಲ್ ಹಿಟ್ ಬಿಟ್ಟು, ಈ ಮೂರು ಪೆಟ್ಟಿಗೆ ಫೂಂಗಸ್ ಸಾಯುವ ಸಾಧ್ಯತೆ ಸುಮಾರು 11 ಪರ್ಸೆಂಟ್. ಆದರೆ ಅದು ಒಳಬರುವಾಗ ನೆಲದ ಮೇಲೆ ಸ್ಟೆಲ್ತ್ ರಾಕ್, ಅಂದರೆ ಒಳಬಂದವರನ್ನು ಚುಚ್ಚುವ ಕಲ್ಲುಗಳು, ಇದ್ದಿದ್ದರೆ? ಎಂಟನೇ ಒಂದು ಭಾಗ, 23ಕ್ಕೆ ಎರಡು ಎಚ್‌ಪಿ. ಉಳಿದದ್ದು 21. ಈಗ ಅದೇ ಮೂರು ಪೆಟ್ಟಿಗೆ ಸಾಯುವ ಸಾಧ್ಯತೆ ಸುಮಾರು 91 ಪರ್ಸೆಂಟ್. ಎರಡು ಎಚ್‌ಪಿ ಮಾಡಿದ ವ್ಯತ್ಯಾಸ ಇಷ್ಟು. ಸ್ಟೆಲ್ತ್ ರಾಕ್ ಇಲ್ಲದೆ ಟೀಮ್ ತರುವ ಹೊಸಬರು ‘ಯಾವಾಗಲೂ ಒಂದರಲ್ಲೇ ತಪ್ಪಿಸಿಕೊಳ್ಳುತ್ತದೆ, ನನ್ನ ಅದೃಷ್ಟವೇ ಸರಿಯಿಲ್ಲ’ ಎನ್ನುವುದುಂಟು. ಅದೃಷ್ಟದ ಮಾತಲ್ಲ ಅದು.

ಫೂಂಗಸ್‌ನವರೂ ಸುಮ್ಮನಿರುವುದಿಲ್ಲ. ಅದರ ರೀಜನರೇಟರ್ ಎಬಿಲಿಟಿಯಿಂದ (ಹುಟ್ಟುಗುಣದಿಂದ) ಹೊರಗೆ ಹೋದಾಗ ಮೂರನೇ ಒಂದು ಭಾಗ ವಾಪಸ್ ಬರುತ್ತದೆ, 23ಕ್ಕೆ 7. ಎಚ್‌ಪಿಗೆ 44 ಇವಿ ಹಾಕಿದರೆ 24 ಆಗಿ 8 ಸಿಗುತ್ತದೆ. ಒಳ್ಳೆಯದೆನ್ನಿಸುತ್ತದೆ. ಆದರೆ 24ಕ್ಕೆ ಸ್ಟೆಲ್ತ್ ರಾಕ್ ಮೂರು ಕೀಳುತ್ತದೆ, ಉಳಿಯುವುದು ಅದೇ 21. ಒಂದು ಸಲ ಹೋಗಿ ಬಂದರೆ ನಿವ್ವಳ ಲಾಭ ಎರಡು ಕಡೆಯೂ 5. ಕಲ್ಲುಗಳು ಬಿದ್ದಿರುವ ಪಂದ್ಯದಲ್ಲಿ ಆ 44 ಇವಿ ದಂಡವೆಂದೇ ನನ್ನ ಎಣಿಕೆ; ಅದನ್ನು ಬೇರೆ ಸ್ಟ್ಯಾಟಿನ ಮೆಟ್ಟಿಲಿಗೆ ಇಡಿ.

ಇಂಥ ಗಂಟುಗಳು ಇನ್ನೂ ಇವೆ. ಹೊಡೆತದ ಬಲ ಹೆಚ್ಚಿಸುವ ಲೈಫ್ ಆರ್ಬ್ ಎಂಬ ಐಟಂ ಪ್ರತಿ ಹೊಡೆತಕ್ಕೆ ಹಿಡಿದವರ ಎಚ್‌ಪಿಯ ಹತ್ತನೇ ಒಂದು ಭಾಗ ವಸೂಲಿ ಮಾಡುತ್ತದೆ: 19 ಇದ್ದರೆ ಒಂದು, 20 ಇದ್ದರೆ ಎರಡು. ಗ್ಯಾಸ್ಟ್ಲಿಯ ಎಚ್‌ಪಿ ಇವಿಯಿಲ್ಲದೆ ಸರಿಯಾಗಿ 19. ಅದಕ್ಕೆ ಕರುಣೆ ತೋರಿಸಿ 36 ಇವಿ ಕೊಟ್ಟರೆ 20 ಆಗಿ ಖರ್ಚು ದುಪ್ಪಟ್ಟು. ಎಚ್‌ಪಿ ತುಂಬುವ ಲೆಫ್ಟೋವರ್ಸ್ ಕೊಡುವುದು ಟರ್ನಿಗೆ ಹದಿನಾರನೇ ಒಂದು, ಅಂದರೆ ಒಂದೇ ಒಂದು ಎಚ್‌ಪಿ. ಇಲ್ಲಿ ಯಾರೂ ಕಟ್ಟುವುದಿಲ್ಲ.

ಶೋಡೌನ್‌ನಲ್ಲಿ ಎದುರಾಳಿಯ ಎಚ್‌ಪಿ ಪರ್ಸೆಂಟಿನಲ್ಲಿ ಕಾಣುತ್ತದೆ, ಅಂಕಿಯಲ್ಲಲ್ಲ. ಅದೂ ಒಂದು ಸುಳಿವೇ. ಫೂಂಗಸ್ ಕಲ್ಲಿನ ಮೇಲೆ ಬಂದು 91–92 ತೋರಿಸಿದರೆ ಅದು 23ರದ್ದು, 88 ತೋರಿಸಿದರೆ 24ರದ್ದು. ಒಂದೇ ಪ್ರವೇಶದಲ್ಲಿ ಎದುರಾಳಿ ಇವಿ ಎಲ್ಲಿ ಹಾಕಿದ್ದಾನೆ ಎಂಬುದರ ತುದಿ ಸಿಕ್ಕಿತು.

ಮತ್ತೆ ಆಮೆಮರಿ

ಟಿರ್ಟೂಗಾದ ಮಾತು ಬಾಕಿ ಇದೆ. ಸನ್–ಮೂನ್ ಕಾಲದ, ಅಂದರೆ ಏಳನೇ ತಲೆಮಾರಿನ ಲಿಟಲ್ ಕಪ್ಪಿಗೆ ಸಿಮ್ಯುಲೇಟರಿನಲ್ಲಿ ಹೋಗಿ ನೋಡಿ. ಅಲ್ಲಿ ಬೆರಿ ಜ್ಯೂಸ್ ಎಂಬ ಐಟಂ ಇದೆ: ಎಚ್‌ಪಿ ಅರ್ಧಕ್ಕೆ ಇಳಿದ ಕೂಡಲೇ 20 ಎಚ್‌ಪಿ ತುಂಬುತ್ತದೆ. ದೊಡ್ಡವರ ಆಟದಲ್ಲಿ 20 ಎಂದರೆ ಗುಟುಕು, ಇಲ್ಲಿ ಅದು ಪೂರ್ತಿ ಊಟ. ಟಿರ್ಟೂಗಾದ ಸ್ಟರ್ಡಿ ಎಬಿಲಿಟಿ ಎಚ್‌ಪಿ ಪೂರ್ತಿ ಇರುವಾಗ ಎಂಥ ಪೆಟ್ಟು ಬಿದ್ದರೂ ಒಂದು ಎಚ್‌ಪಿಯಲ್ಲಿ ನಿಲ್ಲಿಸುತ್ತದೆ.

ಎರಡನ್ನೂ ಕೂಡಿಸಿ. 21 ಎಚ್‌ಪಿಯ ಟಿರ್ಟೂಗಾ ಒಳಬಂದು ಶೆಲ್ ಸ್ಮ್ಯಾಶ್ ಹಾಕುತ್ತದೆ, ಅಟ್ಯಾಕ್ ಮತ್ತು ಸ್ಪೀಡ್ ಎರಡರಷ್ಟು. ಎದುರಿನವರು ಸಾಯುವಂಥ ಪೆಟ್ಟು ಕೊಡುತ್ತಾರೆ. ಸ್ಟರ್ಡಿ ಒಂದರಲ್ಲಿ ನಿಲ್ಲಿಸಿತು. ಜ್ಯೂಸ್ 20 ಸೇರಿಸಿತು. ಒಂದು ಮತ್ತು ಇಪ್ಪತ್ತು, 21. ಮತ್ತೆ ಪೂರ್ತಿ, ಅಂದರೆ ಸ್ಟರ್ಡಿ ಮತ್ತೆ ಜೀವಂತ. ಒಂದೇ ಪೋಕೆಮಾನನ್ನು ಎರಡು ಸಲ ಕೊಲ್ಲಬೇಕು, ಅದೂ ಅದು ಎಲ್ಲರಿಗಿಂತ ಮೊದಲು ಹೊಡೆಯುತ್ತಿರುವಾಗ.

ಎಚ್‌ಪಿ 22 ಆಗಿದ್ದರೆ ಜ್ಯೂಸ್ ಕುಡಿದ ಮೇಲೆ 21ರಲ್ಲಿ ನಿಲ್ಲುತ್ತದೆ, 22 ತುಂಬುವುದಿಲ್ಲ. ಸ್ಟರ್ಡಿ ಏಳುವುದಿಲ್ಲ, ಮುಂದಿನ ಪೆಟ್ಟಿಗೆ ಕತೆ ಮುಗಿಯಿತು. ಮೊದಲು ಹೇಳಿದ ನಾಲ್ಕು ಇವಿಯ ಅಪರಾಧ ಇದೇ.

ಇವಿ ಹಂಚುವುದು ಹೀಗೆ. ಸ್ಪೀಡ್ ಬೇಸ್ 22, ಅದಕ್ಕೆ 180 ಇವಿ ಹಾಕಿದರೆ 11. ಇನ್ನೊಂದು ಮೆಟ್ಟಿಲು 252ರಲ್ಲೂ ಸಿಗುವುದಿಲ್ಲ, ಆಸೆ ಬಿಡಿ. ಶೆಲ್ ಸ್ಮ್ಯಾಶ್ ಆದ ಮೇಲೆ 22, ಸ್ಕಾರ್ಫಿಲ್ಲದ 20ರ ಗುಂಪನ್ನು ದಾಟಲು ಸಾಕು. ಹಾಗಾಗಿ ನೇಚರನ್ನು ಸ್ಪೀಡಿಗೆ ಖರ್ಚು ಮಾಡದೆ ಅಟ್ಯಾಕಿಗೆ ಅಡಮಂಟ್ ಕೊಡಬಹುದು. ಅಟ್ಯಾಕಿಗೆ 212 ಇವಿ, 18 ಸಿಗುತ್ತದೆ. ಡಿಫೆನ್ಸಿಗೆ 12, ಸ್ಪೆಷಲ್ ಡಿಫೆನ್ಸಿಗೆ 76. ಇಷ್ಟಾದ ಮೇಲೆ 30 ಇವಿ ಉಳಿಯುತ್ತದೆ, ಎಚ್‌ಪಿಯ ಕಡೆಗೆ ಕೈ ತಾನಾಗಿಯೇ ಹೋಗುತ್ತದೆ. ಬಿಡಿ, ಹಾಗೇ ಇರಲಿ. ಬಳಸದೆ ಬಿಟ್ಟ 30 ಇವಿಯೇ ಈ ಟಿರ್ಟೂಗಾದ ಅತಿ ಮುಖ್ಯ ಭಾಗ.

ಇದನ್ನು ಒಡೆಯುವ ದಾರಿಗಳೂ ಬೇಕಾದಷ್ಟಿವೆ. ಸ್ಟೆಲ್ತ್ ರಾಕ್ ಒಂದಿದ್ದರೆ ಒಳಬರುವಾಗಲೇ ಎರಡು ಹೋಗಿ ಸ್ಟರ್ಡಿ ಮಲಗುತ್ತದೆ. ಮೋಲ್ಡ್ ಬ್ರೇಕರ್ ಎಬಿಲಿಟಿ ಇದ್ದವರಿಗೆ ಸ್ಟರ್ಡಿ ಲೆಕ್ಕವೇ ಅಲ್ಲ. ನಾಕ್ ಆಫ್ ಜ್ಯೂಸನ್ನೇ ಕಿತ್ತುಕೊಳ್ಳುತ್ತದೆ. ಹಾಗಾಗಿ ಟಿರ್ಟೂಗಾ ತರುವವರು ಕಲ್ಲು ಗುಡಿಸುವವರನ್ನೂ ಜೊತೆಗೆ ತರಲೇಬೇಕು. ಸ್ಟಾರ್ಯುವಿನ ರ್‍ಯಾಪಿಡ್ ಸ್ಪಿನ್ ಹಳೆಯ ನಂಬಿಕಸ್ಥ.

ಮೊದಲ ಟೀಮಿಗೆ ಅಂಥ ಸಾಹಸ ಬೇಡ ಎನ್ನುವವರು ಮೀನ್‌ಫೂವಿನಿಂದ ಶುರು ಮಾಡಿ: ಫೇಕ್ ಔಟ್, ನಾಕ್ ಆಫ್, ಡ್ರೇನ್ ಪಂಚ್, ಯು-ಟರ್ನ್, ಎಬಿಲಿಟಿ ರೀಜನರೇಟರ್. 21ರ ಮೂರನೇ ಒಂದು ಸರಿಯಾಗಿ 7, ಚೂರೂ ವ್ಯರ್ಥವಿಲ್ಲ. ಇದರ ಪಕ್ಕಕ್ಕೆ ಸ್ಟೆಲ್ತ್ ರಾಕ್ ಹಾಕುವ ಒಂದು, ಗುಡಿಸುವ ಒಂದು, ಸ್ಕಾರ್ಫ್ ಕಟ್ಟಿದ ಒಂದು, ನಾಕ್ ಆಫ್ ಬಲ್ಲ ಇನ್ನೊಂದು, ಫೈಟಿಂಗ್ ಪೆಟ್ಟು ತಡೆಯುವ ಒಂದು. ಎದುರಾಳಿಯೂ ನಾಕ್ ಆಫ್ ತರುತ್ತಾನೆ, ಅದನ್ನು ಯಾರ ಮೈಮೇಲೆ ಹಾಕಿಸಿಕೊಳ್ಳುವುದು ಎಂದು ಮೊದಲ ಟರ್ನಿಗೇ ತೀರ್ಮಾನಿಸಿರಬೇಕು. ಐಟಂ ಹೋದರೂ ನಡೆಯುವಂಥದ್ದನ್ನು ಮುಂದೆ ತಳ್ಳಿ. ಈವಿಯೊಲೈಟ್ ಮೇಲೇ ನಿಂತಿರುವ ಗೋಡೆಯನ್ನು ನಾಕ್ ಆಫ್‌ಗೆ ಎದೆಗೊಟ್ಟು ನಿಲ್ಲಿಸಿದರೆ ಐದನೇ ಟರ್ನಿಗೆ ಪಂದ್ಯ ಕೈಬಿಟ್ಟಿರುತ್ತದೆ. ಡ್ಯಾಮೇಜ್ ಕ್ಯಾಲ್ಕುಲೇಟರ್ ಬಳಸುವವರು ಲೆವೆಲ್ 5 ಎಂದು ಆರಿಸಿದ್ದೀರಾ ನೋಡಿಕೊಳ್ಳಿ, ಇಲ್ಲದಿದ್ದರೆ ಅದು ಹೇಳುವುದೆಲ್ಲ ಸುಳ್ಳು.

ಕೊನೆಗೆ, ನಿಂಟೆಂಡೊ ಸ್ವಿಚ್ ಕನ್ಸೋಲ್ ಇದ್ದು ಸ್ಕಾರ್ಲೆಟ್–ವಯೊಲೆಟ್ ಆಟಗಳಲ್ಲೇ ಗೆಳೆಯರ ಜೊತೆ ಆಡಬೇಕೆನ್ನುವವರಿಗೆ. ಐವಿಯನ್ನು ಬಾಟಲ್ ಕ್ಯಾಪ್‌ನಿಂದ ಸರಿಮಾಡಲು ಲೆವೆಲ್ 50 ಬೇಕು, ಮರಿಗೆ ಆ ದಾರಿ ಮುಚ್ಚಿದೆ. 31 ಇರುವ ತಂದೆತಾಯಿಗೆ ಐವಿಗಳನ್ನು ಮರಿಗೆ ದಾಟಿಸುವ ಡೆಸ್ಟಿನಿ ನಾಟ್ ಕೊಟ್ಟು ಮೊಟ್ಟೆಯಿಂದಲೇ ತೆಗೆಯಬೇಕು. ನೇಚರಿನ ಪರಿಣಾಮ ಬದಲಿಸಲು ಮಿಂಟ್ ನಡೆಯುತ್ತದೆ. ಇವಿ ತರಬೇತಿಗೆ ಕಾಡಿನಲ್ಲಿ ಕಾಳಗ ಮಾಡಿಸಿದರೆ ಅನುಭವಾಂಕ ಏರಿ ಮರಿ 5 ದಾಟಿಬಿಡುತ್ತದೆ, ಇಳಿಸಲು ದಾರಿಯಿಲ್ಲ. ಆದ್ದರಿಂದ 1ನೇ ಲೆವೆಲ್ಲಿನಲ್ಲಿರುವಾಗಲೇ ಕ್ರಮವಾಗಿ ಅಟ್ಯಾಕ್, ಸ್ಪೀಡ್, ಡಿಫೆನ್ಸಿಗೆ ಇವಿ ಕೊಡುವ ಪ್ರೋಟೀನ್, ಕಾರ್ಬೋಸ್, ಐರನ್ ತಿನ್ನಿಸಿ. ಒಂದೊಂದಕ್ಕೂ 10 ಇವಿ. ಎಡವುವುದು ಇಲ್ಲಿಯೇ: 24 ಪ್ರೋಟೀನ್, 24 ಕಾರ್ಬೋಸ್ ತಿನ್ನಿಸಿದರೆ 240, 240, ಉಳಿದದ್ದು 30, ಮೀನ್‌ಫೂವಿನ ಡಿಫೆನ್ಸಿಗೆ ಬೇಕಾದ 36 ಸಿಗುವುದಿಲ್ಲ. 23 ಪ್ರೋಟೀನಿನ ಮೇಲೆ 6 ಮಸಲ್ ಫೆದರ್, 23 ಕಾರ್ಬೋಸಿನ ಮೇಲೆ 6 ಸ್ವಿಫ್ಟ್ ಫೆದರ್, 3 ಐರನ್ ಮೇಲೆ 6 ರೆಸಿಸ್ಟ್ ಫೆದರ್. ಫೆದರ್ ಒಂದಕ್ಕೆ ಒಂದೇ ಇವಿ. ಎಲ್ಲ ಮುಗಿದ ಮೇಲೆ ಒಂದೊಂದೇ ಲೆವೆಲ್ ಏರಿಸುವ ರೇರ್ ಕ್ಯಾಂಡಿ ನಾಲ್ಕು, ಐದಲ್ಲ. ಗೆಳೆಯರೊಡನೆ ಕಾಳಗ ಶುರು ಮಾಡುವಾಗ ಎಲ್ಲರನ್ನೂ 50ಕ್ಕೆ ಏರಿಸುವ ನಿಯಮವನ್ನು ಒತ್ತಬೇಡಿ. ಒತ್ತಿದರೆ ಮೀನ್‌ಫೂ ಅದೇ ಮೀನ್‌ಫೂ, 236 ಮಾತ್ರ ಬರಿಯ ಒಂದು ಸಂಖ್ಯೆ.